ದೀವ್‌ನ ಗಾಜಿನ ಪೆಟ್ಟಿಗೆಯೊಳಗಿನ ಹಡಗು

ಪ್ರಶ್ನೆ: ಕಳೆದ ವಾರ ದೀವ್‌ಗೆ ಹೋಗಿದ್ದೆ. ಸಮುದ್ರದಂಚಿನ ಗುಡ್ಡದಲ್ಲಿ ನಮ್ಮ ನೌಕಾಪಡೆಯ ‘ಖುಕ್ರಿ’ ಯುದ್ಧನೌಕೆಯ ಮಾದರಿಯನ್ನು ಗಾಜಿನೊಳಗೆ ಇಟ್ಟಿದ್ದಾರೆ. ಮಗಳು ‘ಇದು ಹೇಗೆ ಮುಳುಗಿತು?’ ಎಂದಾಗ ತಡವರಿಸಿದೆ. ತಿಳಿದವರು ಹೇಳುತ್ತೀರಾ?

ಉತ್ತರ 1: 1971ರ ಡಿಸೆಂಬರ್ 9ರ ರಾತ್ರಿ, ಪಾಕಿಸ್ತಾನದ ‘ಹಂಗೋರ್’ ಜಲಾಂತರ್ಗಾಮಿಯ ಟಾರ್ಪೆಡೊದಿಂದ. 18 ಅಧಿಕಾರಿಗಳು, 176 ನಾವಿಕರು ಪ್ರಾಣ ಕಳೆದುಕೊಂಡರು. ಎಲ್ಲ ಕೆಲವೇ ನಿಮಿಷಗಳಲ್ಲಿ. ನೌಕಾಪಡೆಯಲ್ಲಿ ಹದಿನೈದು ವರ್ಷ ಇದ್ದವನು ನಾನು. ಕೆಳಗಿನ ಅಂತಸ್ತಿನಲ್ಲಿ ಮಲಗಿದವನು ಕತ್ತಲಲ್ಲಿ ಏಣಿ ಹುಡುಕಿ ಮೇಲೆ ಬರಲು ಎಷ್ಟು ಹೊತ್ತು ಬೇಕೆಂದು ಬಲ್ಲೆ.

ಪ್ರಶ್ನೆ ಕೇಳಿದವರು: ಕ್ಯಾಪ್ಟನ್ ಹಡಗು ಬಿಡಲೇ ಇಲ್ಲವಂತೆ, ನಿಜವೇ?

ಉತ್ತರ 1: ನಿಜ. ಮಹೇಂದ್ರನಾಥ ಮುಲ್ಲಾ ತಮ್ಮ ಲೈಫ್ ಜಾಕೆಟ್ಟನ್ನು ನಾವಿಕನೊಬ್ಬನಿಗೆ ಕೊಟ್ಟು ಅಲ್ಲೇ ಉಳಿದರು. ಮಹಾವೀರ ಚಕ್ರ ಬಂದದ್ದು ಮರಣಾನಂತರ.

ಉತ್ತರ 2: ಜೊತೆಗಿದ್ದ ನಮ್ಮ ಇನ್ನೊಂದು ಯುದ್ಧನೌಕೆ ‘ಕಿರ್ಪಾನ್’ ಉಳಿದುಕೊಂಡಿತು. ಮಗಳಿಗೆ ಅದನ್ನೂ ಹೇಳಿ.