ವ್ಯಾಯಾಮದ ಆಸಕ್ತಿ ಎಲ್ಲಿಯವರೆಗೆ, ಚಟ ಎಲ್ಲಿಂದ?

ಪ್ರಶ್ನೆ: ಕುಂಬಳೆಯ ಅಕ್ಕ

ಎಲ್ಲರಿಗೂ ನಮಸ್ಕಾರ. ನಾವು ಕುಂಬಳೆ ಸಮೀಪದವರು. ನನ್ನ ತಮ್ಮ ಮಂಗಳೂರಿನಲ್ಲಿ ಉದ್ಯೋಗದಲ್ಲಿದ್ದು, ದಿನವೂ ರೈಲಿನಲ್ಲಿ ಹೋಗಿ ಬರುತ್ತಾನೆ. ತೂಕ ಇಳಿಸಬೇಕೆಂದು ಅವನು ಓಡಲು ಆರಂಭಿಸಿದಾಗ ಮನೆಯವರೆಲ್ಲ ಸಂತೋಷಪಟ್ಟಿದ್ದೆವು. ಈಗ ಬೆಳಕು ಹರಿಯುವ ಮೊದಲೇ ಹೆದ್ದಾರಿಯ ಬದಿಯಲ್ಲಿ ಓಟ, ಸಂಜೆ ರೈಲಿನಿಂದ ಇಳಿದವನು ನೇರ ಜಿಮ್‌ಗೆ. ಮಳೆಯಿಂದಾಗಿ ಓಟ ತಪ್ಪಿದ ದಿನ ಮನೆಯಲ್ಲಿ ಯಾರೊಡನೆಯೂ ಮಾತಿಲ್ಲ. ಚಿಕ್ಕಮ್ಮನ ಮನೆ ಒಕ್ಕಲಿಗೂ ಜಿಮ್ ತಪ್ಪುತ್ತದೆ ಎಂಬ ಕಾರಣಕ್ಕೆ ಬರಲಿಲ್ಲ. ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಇದೆ, ಆರು ವಾರ ಓಡಲೇಬಾರದು ಎಂದು ಮೂಳೆ ವೈದ್ಯರು ಸ್ಪಷ್ಟವಾಗಿ ಹೇಳಿದ ಮೇಲೂ, ಕಾಲಿಗೆ ಬಿಗಿಯಾಗಿ ಬ್ಯಾಂಡೇಜು ಸುತ್ತಿಕೊಂಡು, ನೋವಿನ ಮಾತ್ರೆ ನುಂಗಿ, ಅಮ್ಮ ಏಳುವ ಮೊದಲೇ ಅವನು ಹೊರಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. "ಕುಡಿತವಿಲ್ಲ, ಬೀಡಿಯಿಲ್ಲ, ಇದರಲ್ಲಿ ತಪ್ಪೇನು?" ಎಂದು ಅಮ್ಮ ಕೇಳುತ್ತಾರೆ. ಇದನ್ನು ಚಟ ಎನ್ನಬಹುದೇ? ಅವನ ಮನಸ್ಸಿಗೆ ನೋವಾಗದಂತೆ ಮಾತು ಎತ್ತುವುದು ಹೇಗೆ?

ಉತ್ತರ: ನಿವೃತ್ತ ದೈಹಿಕ ಶಿಕ್ಷಕ, ಮಂಜೇಶ್ವರ

ತಂಗೀ, ಇಂಥ ವಿಷಯವನ್ನು ಗಂಟೆಗಳ ಲೆಕ್ಕ ಹಾಕಿ ತೀರ್ಮಾನಿಸಲು ಬರುವುದಿಲ್ಲ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮದ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಅದರ ಎರಡು ಮೂರು ಪಟ್ಟು ಶ್ರಮಪಟ್ಟೂ ಆರೋಗ್ಯವಾಗಿರುವವರು ಬೇಕಾದಷ್ಟು ಮಂದಿ ಇದ್ದಾರೆ. ನಮ್ಮ ಭಾಗದ ಕಬಡ್ಡಿ ಹುಡುಗರು ಪಂದ್ಯಾಟದ ದಿನಗಳಲ್ಲಿ ಬೆಳಗ್ಗೆ ಸಂಜೆ ಬೆವರು ಸುರಿಸುತ್ತಾರೆ, ಪಂದ್ಯಾಟ ಮುಗಿದ ಬಳಿಕ ಅಡಿಕೆ ತೋಟದ ಕೆಲಸಕ್ಕೋ ಮದುವೆ ಮನೆಗಳಿಗೋ ಹೋಗಿ ನೆಮ್ಮದಿಯಿಂದ ಇರುತ್ತಾರೆ. ಪೆಟ್ಟಾದರೆ ಹೊರಗೆ ಕುಳಿತು ಆಟ ನೋಡಲು ಅವರಿಗೆ ಸಾಧ್ಯವಾಗುತ್ತದೆ. ನಿಮ್ಮ ತಮ್ಮನಿಗೆ ಆಗದಿರುವುದು ಅದೇ, ಮತ್ತು ನನ್ನನ್ನು ಚಿಂತೆಗೀಡುಮಾಡಿದ್ದೂ ಅದೇ. ಇಂಥ ಬಿರುಕಿನ ಮೇಲೆ ಓಡುತ್ತಾ ಹೋದರೆ ಮೂಳೆ ಪೂರ್ತಿಯಾಗಿ ಮುರಿಯಬಹುದು. ನೋವಿನ ಮಾತ್ರೆ ಮೂಳೆಯನ್ನು ಕೂಡಿಸುವುದಿಲ್ಲ, ಎಚ್ಚರಿಕೆಯನ್ನು ಮಾತ್ರ ಅಡಗಿಸುತ್ತದೆ. ಮೊದಲು ಆ ಮಾತ್ರೆಯನ್ನು ನಿಲ್ಲಿಸುವ ವಿಚಾರವನ್ನು ವೈದ್ಯರ ಬಾಯಿಂದಲೇ ಹೇಳಿಸಿ.

ಉತ್ತರ: ಆಪ್ತಸಮಾಲೋಚಕಿ, ಕಾಸರಗೋಡು

ಮಾಷ್ಟ್ರು ಹೇಳಿದ್ದನ್ನು ಸಂಶೋಧನೆಯೂ ಬಹಳ ಹಿಂದೆಯೇ ಕಂಡುಕೊಂಡಿದೆ. ನಿತ್ಯ ವ್ಯಾಯಾಮ ಮಾಡುವವರು ಒಂದು ತಿಂಗಳು ಅದನ್ನು ಬಿಟ್ಟರೆ ನಿದ್ರೆಯ ಮೇಲೆ ಏನು ಪರಿಣಾಮವಾಗುತ್ತದೆ ಎಂದು ತಿಳಿಯಲು ಹೊರಟ ಬೇಕ್‌ಲ್ಯಾಂಡ್ ಎಂಬ ಅಮೆರಿಕದ ಮನೋವೈದ್ಯರಿಗೆ, ಹಣ ಕೊಡುತ್ತೇವೆಂದರೂ ಪ್ರತಿದಿನ ವ್ಯಾಯಾಮ ಮಾಡುವವರು ಬಿಡಲು ಒಪ್ಪಲಿಲ್ಲ. ಕೊನೆಗೆ ವಾರಕ್ಕೆ ಕೆಲವೇ ದಿನ ಮಾಡುವವರಿಂದಲೇ ಅವರು ಅಧ್ಯಯನ ನಡೆಸಬೇಕಾಯಿತು. ಅದು 1970ರಲ್ಲಿ ಪ್ರಕಟವಾಯಿತು. ಬಿಡಲು ಒಪ್ಪಿದವರಲ್ಲೂ ನಿದ್ರೆ ಕೆಟ್ಟಿತ್ತು, ಆತಂಕ ಹೆಚ್ಚಿತ್ತು.

ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಕೈಪಿಡಿಯಲ್ಲಿ ವ್ಯಾಯಾಮದ ಚಟಕ್ಕೆ ಪ್ರತ್ಯೇಕ ರೋಗವೆಂಬ ಸ್ಥಾನ ಸಿಕ್ಕಿಲ್ಲ. ಆದ್ದರಿಂದ ಚೀಟಿಯಲ್ಲಿ ಆ ಹೆಸರು ಬರೆದುಕೊಡುವ ವೈದ್ಯರು ನಿಮಗೆ ಸಿಗದಿರಬಹುದು, ಆದರೆ ತೊಂದರೆ ನಿಜ. ಬದುಕಿನಲ್ಲಿ ಅದಕ್ಕೇ ಮೊದಲ ಸ್ಥಾನ, ಮನಸ್ಸಿನ ಕಸಿವಿಸಿಗೆ ಅದೊಂದೇ ಮದ್ದು, ಮೊದಲಿನಷ್ಟು ಮಾಡಿದರೆ ಸಾಲದೆಂಬ ಭಾವನೆ, ತಪ್ಪಿದರೆ ಸಿಡಿಮಿಡಿ, ಮನೆಯವರೊಡನೆ ಜಗಳ, ಕಡಿಮೆ ಮಾಡಿದರೂ ಮತ್ತೆ ಅಲ್ಲಿಗೇ ಮರಳುವುದು, ಈ ಆರನ್ನು 2004ರ ಒಂದು ಪ್ರಶ್ನಾವಳಿ ಅಳೆಯುತ್ತದೆ. 30ರಲ್ಲಿ 24 ಅಥವಾ ಹೆಚ್ಚು ಅಂಕ ಬಂದವರು ಅಪಾಯದಲ್ಲಿದ್ದಾರೆಂದು ಭಾವಿಸುತ್ತಾರೆ. ಅಂಕಕ್ಕಿಂತ ನನಗೆ ಮುಖ್ಯವಾದ ಪ್ರಶ್ನೆ ಬೇರೆ ಇದೆ: ತಮ್ಮನ ಊಟ ಹೇಗಿದೆ?

ಕುಂಬಳೆಯ ಅಕ್ಕ

ಕೇಳಿದ್ದು ಒಳ್ಳೆಯದಾಯಿತು. ಕುಚ್ಚಿಲಕ್ಕಿ ಅನ್ನವನ್ನು ಚಿಕ್ಕ ತಕ್ಕಡಿಯಲ್ಲಿ ತೂಗಿ ಬಡಿಸಿಕೊಳ್ಳುತ್ತಾನೆ, ಓಟ ತಪ್ಪಿದ ದಿನ ರಾತ್ರಿ ಗಂಜಿಯನ್ನೂ ಬಿಡುತ್ತಾನೆ. ತೂಕ ಇಳಿಯುತ್ತಲೇ ಇದೆ.

ಉತ್ತರ: ಆಪ್ತಸಮಾಲೋಚಕಿ, ಕಾಸರಗೋಡು

ಹಾಗಿದ್ದರೆ ಓಟವೊಂದನ್ನೇ ನೋಡಿದರೆ ಸಾಲದು. ವ್ಯಾಯಾಮದ ಹಿಂದೆ ತೂಕ ಏರುವ ಭಯವಿದ್ದಾಗ ಮೂಲ ಸಮಸ್ಯೆ ಆಹಾರದ ಬಗೆಗಿನ ಮನೋವ್ಯಾಧಿಯೇ ಆಗಿರಬಹುದು, ಅದು ಗಂಡುಮಕ್ಕಳಲ್ಲೂ ಉಂಟು. ವ್ಯಯಿಸಿದಷ್ಟು ಶಕ್ತಿ ಊಟದಿಂದ ಸಿಗದಿದ್ದರೆ ಹಾರ್ಮೋನುಗಳು ಕುಗ್ಗಿ ಮೂಳೆ ದುರ್ಬಲವಾಗುತ್ತದೆ. ಅವನ ಕಾಲಿನ ಬಿರುಕಿಗೆ ಇದೂ ಕಾರಣವಾಗಿರಬಹುದಾದ್ದರಿಂದ ಮೂಳೆ ವೈದ್ಯರಿಗೆ ಊಟದ ವಿಷಯವನ್ನು ತಪ್ಪದೆ ತಿಳಿಸಿ.

ಮಾತು ಎತ್ತುವಾಗ "ಓಟ ಬಿಡು" ಎನ್ನಬೇಡಿ, ನೆಂಟರ ಎದುರು ಖಂಡಿತ ಬೇಡ. "ಓಡದ ದಿನ ನಿನಗೆ ಏನನ್ನಿಸುತ್ತದೆ?" ಎಂದು ಇಬ್ಬರೇ ಇರುವಾಗ ಕೇಳಿ, ಅವನು ಹೇಳುವುದನ್ನು ಅರ್ಧಕ್ಕೆ ತಡೆಯದೆ ಕೇಳಿಸಿಕೊಳ್ಳಿ. ಅವನು ಒಪ್ಪಿದರೆ ಮಂಗಳೂರಿನಲ್ಲಿಯೇ, ಕಚೇರಿಗೆ ಹತ್ತಿರದಲ್ಲಿ, ಮನೋವೈದ್ಯರನ್ನು ಕಾಣಬಹುದು. ಒಪ್ಪದಿದ್ದರೆ ನೀವೇ ಮೊದಲು ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ. ಅದು ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತನಾಡುವ ಅವಕಾಶವೂ ಇದೆ. ಮಲಯಾಳದಲ್ಲಿ ವ್ಯವಹಾರ ನಡೆಸಬಲ್ಲ ನಮ್ಮವರಿಗೂ ಮನಸ್ಸಿನ ಸಂಕಟ ಹೇಳಿಕೊಳ್ಳಲು ಮನೆಮಾತೇ ಬೇಕಾಗುತ್ತದೆ ಎಂಬುದನ್ನು ನಾನು ಈ ಕೆಲಸದಲ್ಲಿ ಮತ್ತೆ ಮತ್ತೆ ನೋಡಿದ್ದೇನೆ.