ಕೂಲಿಗೆ ಬರದವರು ಎಲ್ಲಿಗೆ ಹೋದರು, ದೊಡ್ಡಪ್ಪ?

ದೊಡ್ಡಪ್ಪ, ರೈತರ ಖಾತೆಗೆ ನೇರವಾಗಿ ಹಣ ಹಾಕಿದರೆ ಅರ್ಧ ಕುಡಿತಕ್ಕೆ ಹೋಗುತ್ತದೆ, ಉಳಿದರ್ಧ ಸೋಮಾರಿತನ ಬೆಳೆಸುತ್ತದೆ, ಕೂಲಿಗೆ ಯಾರೂ ಬರುವುದಿಲ್ಲ ಎಂದು ನೀವು ಬೆಳಿಗ್ಗೆ ಮನೆಯವರ ಗುಂಪಿನಲ್ಲಿ ಹೇಳಿದ್ದನ್ನು ಕೇಳಿದೆ. ಎರಡು ಸಾಲು ಬರೆದು ಮುಗಿಸುವ ವಿಷಯವಲ್ಲ, ಅದಕ್ಕೇ ಮಾತನಾಡಿ ಕಳುಹಿಸುತ್ತಿದ್ದೇನೆ. ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಕುಡಿತದ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ವಿಶ್ವಬ್ಯಾಂಕಿನ ಇಬ್ಬರು ಸಂಶೋಧಕರು 2014ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ್ದರು. ನಗದು ಸಿಕ್ಕ ಮನೆಗಳಲ್ಲಿ ಮದ್ಯ, ತಂಬಾಕಿನ ಖರ್ಚು ಏರಿದ್ದು ಕಾಣಲಿಲ್ಲ. ಕುಡಿಯುವವನು ಕೂಲಿಯ ದುಡ್ಡಿನಲ್ಲೂ ಕುಡಿಯುತ್ತಾನೆ. ಅದಕ್ಕೆ ಯೋಜನೆಯನ್ನು ಬೈದು ಫಲವೇನು?

ಸೋಮಾರಿತನದ ವಿಷಯಕ್ಕೆ ಬಂದರೆ, ನೀವು ಕಂಡದ್ದು ಸುಳ್ಳಲ್ಲ. ಹಣ ಸಿಕ್ಕವರು ಕೂಲಿಗೆ ಬರುವುದು ಕಡಿಮೆಯಾಗುತ್ತದೆ. ಆದರೆ ಅವರು ಹೋದದ್ದು ಎಲ್ಲಿಗೆ? ಸಣ್ಣ ರೈತನಿಗೆ ಹೊಲದಲ್ಲಿ ಹೆಚ್ಚು ಕೆಲಸವಿರುವ ಹೊತ್ತಿಗೇ ಮನೆಯಲ್ಲಿ ಕಾಳು ತೀರಿರುತ್ತದೆ. ಹೊಟ್ಟೆಪಾಡಿಗಾಗಿ ಬೇರೆಯವರ ಹೊಲದ ಕಳೆ ಕೀಳಲು ಹೋಗುತ್ತಾನೆ, ಅಷ್ಟರಲ್ಲಿ ಅವನ ಹೊಲದಲ್ಲಿ ಕಳೆ ಪೈರನ್ನೇ ಮೀರಿ ನಿಂತಿರುತ್ತದೆ. ಫಸಲು ಕುಗ್ಗುತ್ತದೆ, ಬಂದಷ್ಟನ್ನೂ ಸಾಲ ಕೊಟ್ಟವನ ಕಾಟಕ್ಕೆ ಸುಗ್ಗಿಯ ಅಗ್ಗದ ದರಕ್ಕೇ ಮಾರಬೇಕಾಗುತ್ತದೆ, ಮುಂದಿನ ವರ್ಷ ಕಾಳು ಇನ್ನೂ ಬೇಗ ತೀರುತ್ತದೆ. ಕೈಯಲ್ಲಿ ಒಂದಿಷ್ಟು ದುಡ್ಡಿದ್ದರೆ ಈ ಸುತ್ತು ತುಂಡಾಗುತ್ತದೆ. ಜಾಂಬಿಯಾದಲ್ಲಿ 2010ರಿಂದ ಚಿಕ್ಕ ಮಕ್ಕಳಿರುವ ಬಡ ಕುಟುಂಬಗಳಿಗೆ ನಗದು ಕೊಟ್ಟಾಗ ಅವರು ಹೊರಗಿನ ಕೂಲಿ ಕಡಿಮೆ ಮಾಡಿ, ಬೀಜ ಗೊಬ್ಬರ ಕೊಂಡು, ಹೆಚ್ಚು ನೆಲ ಉತ್ತರು. ನಮ್ಮ ದೇಶದಲ್ಲೇ, ಮಧ್ಯಪ್ರದೇಶದಲ್ಲಿ, 2011ರಲ್ಲಿ ಸೇವಾ (SEWA) ಎಂಬ ಮಹಿಳಾ ಸಂಘಟನೆ ಯುನಿಸೆಫ್ ನೆರವಿನಿಂದ ಪ್ರಯೋಗ ನಡೆಸಿತು. ದೊಡ್ಡವರಿಗೆ ತಿಂಗಳಿಗೆ 200 ರೂಪಾಯಿ, ಮಕ್ಕಳಿಗೆ 100; ಆಮೇಲೆ ಅದು 300 ಮತ್ತು 150 ಆಯಿತು. ಅಷ್ಟು ಸಣ್ಣ ಮೊತ್ತಕ್ಕೂ ಜನ ಕೂಲಿ ಬಿಟ್ಟು ಸ್ವಂತ ಬೇಸಾಯದ ಕಡೆ ಹೊರಳಿದರು. ಆಳು ಕರೆಯಲು ಬಂದವನ ಕಣ್ಣಿಗೆ ಇದು ಸೋಮಾರಿತನವಾಗಿಯೇ ಕಾಣುತ್ತದೆ. ನಿಮ್ಮನ್ನು ಅಂದದ್ದಲ್ಲ, ಕೋಪಿಸಿಕೊಳ್ಳಬೇಡಿ.

ಅತ್ತಿಗೆ, ಊರಿಗೆಲ್ಲ ಹಣ ಹಂಚಿದರೆ ಬೆಲೆ ಏರುವುದಿಲ್ಲವೇ ಎಂದು ಕೇಳಿದ್ದಿರಿ. ಕೆನ್ಯಾದ ಸಿಯಾಯಾ ಪ್ರಾಂತದಲ್ಲಿ ಗಿವ್‌ಡೈರೆಕ್ಟ್ಲಿ ಸಂಸ್ಥೆ 10,000ಕ್ಕೂ ಹೆಚ್ಚು ಕುಟುಂಬಗಳಿಗೆ ತಲಾ ಸುಮಾರು 1,000 ಡಾಲರ್ ಕೊಟ್ಟಾಗ ಇದನ್ನೇ ಅಳೆದು ನೋಡಿದರು. ಬೆಲೆ ಏರಿದ್ದು ಸರಾಸರಿ ಶೇಕಡ 0.1ರಷ್ಟು. ಹಣ ಸಿಗದ ನೆರೆಹೊರೆಯವರ ಸಂಪಾದನೆಯೂ ಹೆಚ್ಚಿತು, ಏಕೆಂದರೆ ಖರ್ಚಾದದ್ದು ಅಕ್ಕಪಕ್ಕದ ಅಂಗಡಿಗಳಲ್ಲೇ.

ನನ್ನ ತಕರಾರು ಬೇರೆಯೇ ಇದೆ, ದೊಡ್ಡಪ್ಪ: ಹಣ ಯಾರ ಹೆಸರಿಗೆ ಹೋಗುತ್ತದೆ ಎಂಬುದು. 2019ರಲ್ಲಿ ಬಂದ ಪಿಎಂ ಕಿಸಾನ್ ವರ್ಷಕ್ಕೆ 6,000 ರೂಪಾಯಿಯನ್ನು ಮೂರು ಕಂತಿನಲ್ಲಿ ಕೊಡುತ್ತದೆ, ಆದರೆ ಪಹಣಿಯಲ್ಲಿ ಹೆಸರಿರುವವರಿಗೆ. ತೆಲಂಗಾಣದ ರೈತು ಬಂಧು 2018ರಲ್ಲಿ ಎಕರೆ ಲೆಕ್ಕದಲ್ಲಿ ಶುರುವಾಯಿತು, ಹೆಚ್ಚು ನೆಲವಿದ್ದವನಿಗೆ ಹೆಚ್ಚು ದುಡ್ಡು. ಗೇಣಿಗೆ ಉಳುವವನಿಗೆ ಪಿಎಂ ಕಿಸಾನ್‌ನಲ್ಲಿ ಏನೂ ಇಲ್ಲ, ರೈತು ಬಂಧುವಿನಲ್ಲೂ ಇರಲಿಲ್ಲ. ಗಂಡನ ಅಥವಾ ಮಾವನ ಹೆಸರಿನ ಹೊಲದಲ್ಲಿ ಇಡೀ ಬೇಸಾಯ ನಡೆಸುವ ಹೆಂಗಸಿಗೂ ಇಲ್ಲ. ಪೇಟೆಯಲ್ಲಿ ಕುಳಿತ ಪಟ್ಟಾದಾರನ ಮೊಬೈಲಿಗೆ ಹಣ ಜಮೆಯಾದ ಸಂದೇಶ ಬರುತ್ತದೆ, ಅವನ ಹೊಲದಲ್ಲಿ ಬೆವರು ಸುರಿಸುವವನು ಬಡ್ಡಿಗೆ ಸಾಲ ತರುತ್ತಾನೆ. ಒಡಿಶಾದ ಕಾಲಿಯಾ ಯೋಜನೆಯಲ್ಲಿ ಭೂರಹಿತರನ್ನೂ ಗೇಣಿದಾರರನ್ನೂ ಸೇರಿಸಿದ್ದರು. ಅಂದರೆ ಮನಸ್ಸು ಮಾಡಿದರೆ ದಾರಿ ಇದೆ.

ಹಣದಿಂದ ಮಳೆ ಬರುವುದಿಲ್ಲ, ಕಾಲುವೆಗೆ ನೀರೂ ಹರಿಯುವುದಿಲ್ಲ ಎಂದಿರಲ್ಲ, ಅದನ್ನು ಒಪ್ಪುತ್ತೇನೆ. ಕಂತು ಬಿತ್ತನೆಗೆ ಮೊದಲು ಬರಬೇಕು, ಉಳುವವನ ಕೈಗೇ ಬರಬೇಕು ಎಂದು ನೀವೂ ಒಪ್ಪಿದರೆ, ಕುಡಿತದ ಬಗ್ಗೆ ಇನ್ನೊಮ್ಮೆ ಜಗಳವಾಡಲು ನನ್ನ ಅಭ್ಯಂತರವಿಲ್ಲ.