ಅಪ್‌ಡೇಟ್: ಅಮ್ಮನಿಗೆ ಪುಸ್ತಕ ಸಿಕ್ಕಿತು, ಲೇಖಕಿಯೂ ಬಂದು ಹೋದರು

ಧಾರಾವಾಹಿ ನೋಡಿ ಬೇಸತ್ತ ಅಮ್ಮನಿಗೆ ತೆಳುವಾದ ಕನ್ನಡ ಪುಸ್ತಕ ಹೇಳಿ, ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಲೇಖಕರನ್ನು ಕರೆಸೋದು ಹೇಗೆ ಅಂತಲೂ ತಿಳಿಸಿ ಎಂದು ಕೇಳಿದ್ದೆನಲ್ಲ, ಎರಡೂ ಕೈಗೂಡಿತು.

ನಿಮ್ಮಲ್ಲಿ ಹೆಚ್ಚಿನವರು ಹೇಳಿದ್ದು ತೇಜಸ್ವಿಯವರ 'ಕರ್ವಾಲೊ'. 1980ರ ಕಾದಂಬರಿ, ಈಗಲೂ ಓಡ್ತಿದೆ. ಗ್ರಂಥಾಲಯದ ಪ್ರತಿಯಲ್ಲಿ ತಾರೀಖಿನ ಚೀಟಿ ತುಂಬಿ, ಅದರ ಮೇಲೇ ಇನ್ನೊಂದು ಅಂಟಿಸಿದ್ದಾರೆ. ಮಂದಣ್ಣನ ಮದುವೆ ಪ್ರಸಂಗ ಬಂದಾಗ ಅಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ವಿವೇಕ ಶಾನಭಾಗರ 'ಘಾಚರ್ ಘೋಚರ್' ಬೇಗ ಮುಗಿಯಿತು. "ಈ ಮನೆಯವರು ಸರಿ ಇಲ್ಲ ಕಣೋ" ಅಷ್ಟೇ ವಿಮರ್ಶೆ.

ಕಾರ್ಯಕ್ರಮದ ವಿಷಯ. ಆಸ್ತಿ ತೆರಿಗೆ ಜೊತೆ ಶೇ 6 ಗ್ರಂಥಾಲಯ ಕರ ಕಟ್ತೀವಿ, ಅದನ್ನ ಅರ್ಜಿಯಲ್ಲಿ ಬರೀರಿ ಅಂತ ಒಬ್ಬರು ಹೇಳಿದ್ದರು. ಮಾತು ನಿಜ, ಆದರೆ ಜಗಳಕ್ಕೆ ನಿಂತ ಹಾಗಿರುತ್ತೆ ಅಂತ ಬಿಟ್ಟೆ. ಓದುಗರ ಸಹಿ ಹಾಕಿಸಿ ಸಾದಾ ಮನವಿ ಕೊಟ್ಟೆ. ಗ್ರಂಥಪಾಲಕರು ಮೇಲಿನವರನ್ನು ಕೇಳಿ ಒಪ್ಪಿದರು, ಮೈಕ್ ಬೇಡ ಅನ್ನೋ ಷರತ್ತಿನ ಮೇಲೆ. ಅದೇ ಒಳ್ಳೇದಾಯ್ತು, ಎಲ್ಲರೂ ಹತ್ತಿರ ಕೂತರು. ಕೆಎಎಸ್ ಪರೀಕ್ಷೆಗೆ ಓದೋ ಹುಡುಗರು ಮೊದಲು ಮುಖ ಸಿಂಡರಿಸಿದ್ದರು. ಆಮೇಲೆ ಲೇಖಕಿಯನ್ನ ಬಿಡದೆ ಪ್ರಶ್ನೆ ಕೇಳಿದವರೂ ಅವರೇ. ಸನ್ಮಾನ, ಹಾರ ಇಟ್ಟುಕೊಳ್ಳಲಿಲ್ಲ. ಚಹಾ, ಬಿಸ್ಕತ್ತು ನಮ್ಮ ಖರ್ಚು.

ಅಮ್ಮ ಈಗ ಪತ್ತೇದಾರಿ ಕಾದಂಬರಿ ಕೇಳ್ತಿದ್ದಾರೆ. ರಕ್ತಪಾತ ಕಮ್ಮಿ ಇರೋದು ಯಾವುದಿದೆ?